ಮೊದಲು ಬಲ್ಬು, ಆಮೇಲೆ ಮಣಿ

ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಹನ್ನೆರಡು ಬೋರಿನ ಒಂಟಿ ನಳಿಗೆಯ ತೋಟಾ ಕೋವಿ. ಬೆಳೆ ರಕ್ಷಣೆಗೆ ಅಂತ ಅಪ್ಪ ಲೈಸೆನ್ಸ್ ಮಾಡಿಸಿ ತಂದದ್ದು. ಅವರು ತೀರಿಕೊಂಡ ಮೇಲೆ ಅದನ್ನು ಠಾಣೆಗೆ ಒಪ್ಪಿಸಿ, ವಾರಸುದಾರ ಅಂತ ಅರ್ಜಿ ಹಾಕಿ, ಲೈಸೆನ್ಸ್ ನನ್ನ ಹೆಸರಿಗೆ ಬರುವಷ್ಟರಲ್ಲಿ ವರ್ಷ ದಾಟಿತ್ತು.

ಸಕಲೇಶಪುರ ಕಡೆಯವರಿಗೆ ಇದೇನೂ ಹೊಸದಲ್ಲ. ಕಾಫಿ ತೋಟದ ನಡುವೆ ಒಂಟಿ ಮನೆ, ಮುಖ್ಯ ರಸ್ತೆಗೆ ಎರಡು ಕಿಲೋಮೀಟರ್, ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ. ಇಂಥ ಕಡೆ ಮನೆಯಲ್ಲಿ ಕೋವಿ ಇದ್ದರೆ ಧೈರ್ಯ ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, 2023ರ ಫೆಬ್ರವರಿಯ ಆ ರಾತ್ರಿಯವರೆಗೆ.

ಅದು ಮೆಣಸು ಕೊಯ್ಲಿನ ಕಾಲ. ಕಣದಲ್ಲಿ ಒಣಗಿದ ಮೆಣಸು ಚೀಲ ತುಂಬಿ ಹಿಂದಿನ ಕೊಟ್ಟಿಗೆಯಲ್ಲಿಟ್ಟಿದ್ದೆವು. ಪಕ್ಕದ ಊರಿನಲ್ಲಿ ಎರಡು ಮನೆಯಿಂದ ಮೆಣಸಿನ ಚೀಲ ಕಳುವಾಗಿತ್ತು. ಆ ಸುದ್ದಿಯನ್ನು ಪತ್ರಿಕೆಗೆ ಕಳಿಸಿದವನೂ ನಾನೇ. ಸುದ್ದಿ ಬರೆದವನಿಗೆ ಓದಿದವನಿಗಿಂತ ಹೆಚ್ಚು ಭಯ ಅನ್ನುವುದು ನನಗೆ ಗೊತ್ತಾದದ್ದು ಆ ವಾರ.

ರಾತ್ರಿ ಒಂದೂವರೆ ಇರಬಹುದು. ಹಿತ್ತಿಲ ಬಾಗಿಲಿನ ಹತ್ತಿರ ದಪ್ ದಪ್ ಅಂತ ಸದ್ದು. ಯಾರೋ ಬಾಗಿಲನ್ನು ಮೆಲ್ಲಗೆ ಮೀಟುತ್ತಿರುವ ಹಾಗೆ. ಹೆಂಡತಿಯೂ ಎಚ್ಚರಾದಳು. ಮಗಳು ಅವಳ ಮಗ್ಗುಲಲ್ಲಿ ಮಲಗಿತ್ತು, ಆಗ ಅದಕ್ಕೆ ಐದು ವರ್ಷ. ಅಮ್ಮ ಮುಂದಿನ ಕೋಣೆಯಲ್ಲಿ.

ನಾನು ಬೀರು ತೆಗೆದು ಕೋವಿ ಎತ್ತಿಕೊಂಡೆ, ಒಂದು ತೋಟಾ ತುಂಬಿದೆ. ಲೈಟು ಹಾಕಲಿಲ್ಲ. ಹಾಕಿದರೆ ಕಳ್ಳ ಓಡಿಹೋಗುತ್ತಾನೆ ಅಂತ. ಈಗ ಯೋಚಿಸಿದರೆ ನಗು ಬರುತ್ತದೆ, ಮೈ ನಡುಗುತ್ತದೆ. ಕಳ್ಳ ಓಡಿಹೋದರೆ ನನಗೇನು ನಷ್ಟವಿತ್ತು?

ಅಡುಗೆಮನೆಯ ಕಿಟಕಿಯ ಸರಳಿನ ನಡುವೆ ನಳಿಗೆ ಇಟ್ಟು ನೋಡಿದೆ. ಬಾಗಿಲ ಮೆಟ್ಟಿಲ ಮೇಲೆ ಕಪ್ಪಗೆ ಒಂದು ಆಕಾರ ಕುಕ್ಕುರುಗಾಲಲ್ಲಿ ಕೂತಿದೆ. ನನಗೂ ಅದಕ್ಕೂ ನಾಲ್ಕು ಮೀಟರ್ ಇರಬಹುದು. ಕೋವಿಯ ಮರಕ್ಕೆ ಕೆನ್ನೆ ಕೊಟ್ಟು ನಳಿಗೆಯ ತುದಿಯ ಮಣಿ ಹುಡುಕಿದೆ. ಕಾಣಲಿಲ್ಲ. ಕಪ್ಪು ನಳಿಗೆ, ಕಪ್ಪು ರಾತ್ರಿ, ಕಪ್ಪು ಆಕಾರ. ಕಣ್ಣು ಕಿರಿದು ಮಾಡಿ ಮತ್ತೆ ಹುಡುಕಿದೆ.

ಹಾಗೆ ಹುಡುಕುತ್ತಾ ಮೂರೋ ನಾಲ್ಕೋ ಸೆಕೆಂಡು ಕಳೆದಿರಬೇಕು. ಆಗ ಆ ಆಕಾರ ಪಿಸುಗುಟ್ಟಿತು: "ಸುಮ್ನಿರು ಮಾರಾಯ, ಎಲ್ಲರೂ ಏಳ್ತಾರೆ."

ಅದು ನನ್ನ ಚಿಕ್ಕಪ್ಪನ ಮಗ. ಬೆಂಗಳೂರಿನಲ್ಲಿ ಕೆಲಸ. ಬೈಕಿನಲ್ಲಿ ಹೊರಟವನು ದಾರಿಯಲ್ಲಿ ಟೈರು ಪಂಕ್ಚರ್ ಆಗಿ ತಡವಾಗಿ ಬಂದಿದ್ದ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ, ಹಾಗಾಗಿ ಅವನ ಫೋನು ನನಗೆ ಬಂದಿರಲಿಲ್ಲ. ಅವನು "ಸುಮ್ನಿರು" ಅಂದದ್ದು ನಮ್ಮ ನಾಯಿಗೆ. ಆ ದಪ್ ದಪ್ ಸದ್ದು, ನಾಯಿ ಸಂತೋಷದಲ್ಲಿ ಬಾಲ ಆಡಿಸುವಾಗ ಅದು ಬಾಗಿಲ ಹಲಗೆಗೆ ಬಡಿಯುತ್ತಿದ್ದದ್ದು.

ನಾಯಿ ಒಂದು ಸಲವೂ ಬೊಗಳಿರಲಿಲ್ಲ. ಅದೊಂದೇ ಸಾಕಿತ್ತು ನನಗೆ ತಿಳಿಯಲು. ಕೈಯಲ್ಲಿ ಕೋವಿ ಇದ್ದದ್ದರಿಂದ ಕಿವಿ ಕೇಳಲಿಲ್ಲ.

ತೋಟಾ ತೆಗೆದು, ಕೋವಿ ಬೀರುವಿನಲ್ಲಿಟ್ಟು, ಬಾಗಿಲು ತೆಗೆದೆ. "ಏನೋ, ಈ ಹೊತ್ತಲ್ಲಿ?" ಅಂದೆ. ಅಷ್ಟೇ. ಅವನಿಗೆ ಏನೂ ಹೇಳಲಿಲ್ಲ.

ಸ್ಟ್ರಿಂಗರ್ ಆಗಿ ಹತ್ತು ವರ್ಷದಲ್ಲಿ ಎರಡು ಸಲ ನಾನು ಆ ಸುದ್ದಿ ಬರೆದಿದ್ದೇನೆ. ಕಾಡುಹಂದಿ ಎಂದು ಭಾವಿಸಿ ಹಾರಿಸಿದ ಗುಂಡಿಗೆ ಜೊತೆಯವನೇ ಬಲಿ. ಎಂಟು ಸಾಲು, ಒಂದು ಕಾಲಂ. ಹಾರಿಸಿದವನು ಎಂಥ ದಡ್ಡ ಅಂತ ಎರಡು ಸಲವೂ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಮೂರನೇ ಸುದ್ದಿ ನನ್ನದೇ ಆಗುವುದರಲ್ಲಿತ್ತು.

ಮಾರ್ಚ್ ಕೊನೆಗೆ ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಪ್ರತಿ ಚುನಾವಣೆಯ ಹಾಗೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು ಅಂತ ಸೂಚನೆ ಬಂತು. ಆನೆ, ಹಂದಿ ಕಾಟ ಇರುವಾಗ ಕೋವಿ ಕೊಟ್ಟು ಕೂರುವುದು ಹೇಗೆ ಅಂತ ಊರಿನವರೆಲ್ಲ ಗೊಣಗಿದರು. ನಾನು ಮೊದಲ ದಿನವೇ ಹೋಗಿ ಕೊಟ್ಟು ರಸೀದಿ ತಂದೆ. ಆ ಎರಡು ತಿಂಗಳು ಚೆನ್ನಾಗಿ ನಿದ್ದೆ ಬಂತು.

ಕೋವಿ ವಾಪಸ್ ತರುವ ದಿನ ನೇರ ಮನೆಗೆ ಬರಲಿಲ್ಲ. ಲೈಸೆನ್ಸ್ ಪುಸ್ತಕವನ್ನೂ ಹಿಡಿದುಕೊಂಡು ನಮ್ಮ ಹೋಬಳಿಯ ಒಬ್ಬ ನಿವೃತ್ತ ಸುಬೇದಾರರ ಮನೆಗೆ ಹೋದೆ. ಸೈನ್ಯದಲ್ಲಿ ಹುಡುಗರಿಗೆ ಗುರಿ ಕಲಿಸುತ್ತಿದ್ದವರು. "ಸರ್, ಕತ್ತಲಲ್ಲಿ ಮಣಿ ಕಾಣಲ್ಲ. ಹೊಳೆಯುವ ಮಣಿ ಹಾಕಿಸಬೇಕು, ಇಲ್ಲ ಯೂಟ್ಯೂಬಲ್ಲಿ ತೋರಿಸ್ತಾರಲ್ಲ, ಆ ಕೆಂಪು ಚುಕ್ಕಿ" ಅಂದೆ. ಯಾಕೆ ಅಂತ ಕೇಳಿದರು. ನಡೆದದ್ದನ್ನು ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಣಿ ಕಾಣದೆ ಇದ್ದದ್ದು ನಿನ್ನ ಪುಣ್ಯ ಕಣಪ್ಪ. ಅವತ್ತು ಹೊಳೆಯೋ ಮಣಿ ಇದ್ದಿದ್ರೆ ನಿನ್ನ ತಮ್ಮ ಇರ್ತಿರಲಿಲ್ಲ. ಮೊದಲು ಹಿತ್ತಿಲಿಗೆ ಒಂದು ಬಲ್ಬು ಹಾಕಿಸು. ಮಣಿ ವಿಷಯ ಆಮೇಲೆ ಮಾತಾಡೋಣ."

ಬಲ್ಬು ಹಾಕಿಸಿ ಮತ್ತೆ ಹೋದೆ. ನಂತರದ ಮೂರು ಭಾನುವಾರ ಅವರು ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಲೈಸೆನ್ಸ್ ಕೋವಿ ಇರುವವರಿಗೆ ಉಪಯೋಗವಾದೀತು.

ಮೊದಲನೆಯದು, ಚರೆ ಕೋವಿಗೆ ಗುರಿ ಬೇಡ ಅನ್ನುವ ಮಾತು ಸುಳ್ಳು. "ಚರೆ ಹರಡ್ತದೆ, ಆ ಕಡೆ ತಿರುಗಿಸಿ ಹೊಡೆದರೆ ಸಾಕು" ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಸುಬೇದಾರರು ನನ್ನನ್ನು ರೈಫಲ್ ಕ್ಲಬ್ಬಿನ ಮೈದಾನಕ್ಕೆ ಕರೆದುಕೊಂಡು ಹೋಗಿ, ರಟ್ಟಿನ ಹಾಳೆ ನಿಲ್ಲಿಸಿ ತೋರಿಸಿದರು. ಐದು ಹೆಜ್ಜೆಯಲ್ಲಿ ಹೊಡೆದಾಗ ಎಲ್ಲ ಕಾಳೂ ಒಟ್ಟಾಗಿ ಹೋಗಿ ನನ್ನ ಮುಷ್ಟಿ ಹಿಡಿಸುವಷ್ಟು ಒಂದೇ ತೂತು. ಹತ್ತು ಹೆಜ್ಜೆಯಲ್ಲಿ ಅಂಗೈ ಅಗಲ. ಮೊರದಷ್ಟು ಅಗಲಕ್ಕೆ ಹರಡಬೇಕಾದರೆ ಮೂವತ್ತು ಹೆಜ್ಜೆ ಹತ್ತಿರ ಹೋಗಬೇಕಾಯಿತು. ನಳಿಗೆಯ ಬಾಯಿ ಎಷ್ಟು ಬಿಗಿ ಅನ್ನುವುದರ ಮೇಲೆ ಇದು ಕೋವಿಯಿಂದ ಕೋವಿಗೆ ಬೇರೆ. ನಮ್ಮ ಮನೆಯ ನಡುಮನೆಯಿಂದ ಹಿತ್ತಿಲ ಬಾಗಿಲಿಗೆ ಇಪ್ಪತ್ತೊಂದು ಅಡಿ. ಅಂದರೆ ಮನೆಯೊಳಗಿನ ದೂರದಲ್ಲಿ ಚರೆ ಹರಡುವುದೇ ಇಲ್ಲ ಅನ್ನಬಹುದು. ತಪ್ಪಿದರೆ ಪೂರ್ತಿ ತಪ್ಪುತ್ತದೆ. ತಪ್ಪಿದ್ದು ಎಲ್ಲಿಗೋ ಹೋಗಿ ಸೇರುತ್ತದೆ.

ಎರಡನೆಯದು, ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದು. ಹಲಗೆ ಬಾಗಿಲು, ಹಲಗೆ ಗೋಡೆ ದಪ್ಪ ಕಾಳನ್ನು ತಡೆಯುವುದಿಲ್ಲ. ಸುಬೇದಾರರು ನಮ್ಮ ಮನೆಗೆ ಬಂದವರು ಕೋವಿ ನೋಡುವ ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿದರು. ಹಿತ್ತಿಲ ಬಾಗಿಲಿಗೆ ನೇರವಾಗಿ ನಿಂತು ಕೇಳಿದರು, "ಆ ಕಡೆ ಏನದು?" ನೋಡಿದೆ. ಲೈನ್ ಮನೆ. ನಲವತ್ತು ಮೀಟರ್ ದೂರದಲ್ಲಿ ಮೂರು ಸಂಸಾರ, ಐದು ಮಕ್ಕಳು. ಆ ರಾತ್ರಿ ನನ್ನ ನಳಿಗೆ ತಮ್ಮನ ಕಡೆ ಇತ್ತು, ತಮ್ಮನ ಬೆನ್ನ ಹಿಂದೆ ಆ ಮಕ್ಕಳು ಮಲಗಿದ್ದರು. ಅಷ್ಟು ವರ್ಷ ದಿನಾ ನೋಡಿದ ಲೈನ್ ಮನೆಯನ್ನು ಆ ಲೆಕ್ಕದಲ್ಲಿ ನೋಡಿರಲೇ ಇಲ್ಲ. ನಿಮ್ಮ ಮನೆಯಲ್ಲೂ ಹಗಲು ಹೊತ್ತಿನಲ್ಲಿ ಒಂದು ಸಲ ಹೀಗೆ ನಿಂತು ನೋಡಿ. ಯಾವ ದಿಕ್ಕಿಗೆ ಎಂದೂ ನಳಿಗೆ ತಿರುಗಿಸಬಾರದು ಅನ್ನುವುದು ಮೊದಲೇ ಗೊತ್ತಿರಲಿ.

ಮೂರನೆಯದು ಮಣಿ. ರೈಫಲ್ಲಿಗೆ ಹಿಂದೊಂದು, ಮುಂದೊಂದು ಗುರಿ ಇರುತ್ತದೆ. ಎರಡನ್ನೂ ಸೇರಿಸಿ ನೋಡಬೇಕು. ನಮ್ಮ ತೋಟಾ ಕೋವಿಗೆ ತುದಿಯಲ್ಲಿ ಒಂದು ಮಣಿ ಮಾತ್ರ. ಹಿಂದಿನ ಗುರಿ ಯಾವುದು? "ನಿನ್ನ ಕಣ್ಣೇ" ಅಂದರು. ಕೆನ್ನೆ ಪ್ರತಿ ಸಲ ಮರದ ಒಂದೇ ಜಾಗದಲ್ಲಿ ಕೂತರೆ ಕಣ್ಣೂ ಒಂದೇ ಜಾಗದಲ್ಲಿರುತ್ತದೆ. ಕೆನ್ನೆ ಅತ್ತಿತ್ತ ಆದರೆ ಹಿಂದಿನ ಗುರಿಯೇ ಅಲುಗಾಡಿದ ಹಾಗೆ.

ಇದನ್ನು ನೋಡಿಕೊಳ್ಳಲು ಒಂದು ಸುಲಭ ದಾರಿ ಇದೆ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಕೋವಿ ಮಡಚಿ, ನಳಿಗೆ ಖಾಲಿ ಇದೆಯೇ ಅಂತ ಕಣ್ಣಿನಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಹಿಂದೆ ಯಾರೂ ಇಲ್ಲದ ದಪ್ಪ ಮಣ್ಣಿನ ಗೋಡೆಯ ಕಡೆ ನಿಲ್ಲಿ. ಗೋಡೆಯ ಒಂದು ಗುರುತು ನೋಡಿ, ಕಣ್ಣು ಮುಚ್ಚಿ, ಕೋವಿಯನ್ನು ಭುಜಕ್ಕೆ ತಂದು ಕೆನ್ನೆ ಕೊಡಿ. ಈಗ ಕಣ್ಣು ತೆರೆಯಿರಿ. ಮಣಿ ಗುರುತಿನ ಮೇಲೆ ಕೂತಿದ್ದರೆ ಕೋವಿ ನಿಮ್ಮ ಮೈಗೆ ಹೊಂದಿದೆ. ಮಣಿಯ ಜೊತೆ ನಳಿಗೆಯ ಬೆನ್ನು ಉದ್ದಕ್ಕೂ ಕಾಣುತ್ತಿದ್ದರೆ ತಲೆ ಎತ್ತರದಲ್ಲಿದೆ, ಗುಂಡು ಮೇಲೆ ಹೋಗುತ್ತದೆ. ಮಣಿಯೇ ಕಾಣದೆ ಕೋವಿಯ ಹಿಂಭಾಗ ಕಣ್ಣಿಗೆ ಅಡ್ಡ ಬಂದರೆ ತಲೆ ತೀರಾ ಕೆಳಗಿದೆ.

ನನಗೆ ಮಣಿ ಬಲಕ್ಕೆ ಬಂತು, ನಳಿಗೆಯೂ ತುಂಬ ಕಂಡಿತು. ಕಾರಣ ಸರಳ. ಅಪ್ಪ ಆರಡಿ ಆಳು, ಉದ್ದ ತೋಳು. ನಾನು ಅಮ್ಮನ ಕಡೆಯ ಎತ್ತರ. ಮೊಣಕೈ ಮಡಚಿ, ಕೋವಿಯ ಹಿಂಬದಿಯನ್ನು ಅದರ ಒಳಮಡಿಕೆಗೆ ಒತ್ತಿ ಹಿಡಿದರೆ ತೋರುಬೆರಳು ಸಲೀಸಾಗಿ ಟ್ರಿಗರ್ ಮುಟ್ಟಬೇಕು. ನನ್ನ ಬೆರಳು ಮುಟ್ಟಲಿಲ್ಲ. ಇಷ್ಟು ವರ್ಷ ನಾನು ಅಪ್ಪನ ಅಂಗಿ ಹಾಕಿಕೊಂಡು ಓಡಾಡಿದ ಹಾಗೆ ಅವರ ಕೋವಿ ಹಿಡಿದಿದ್ದೆ.

ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಕೊಟ್ಟು ಹಿಂಬದಿಯ ಮರವನ್ನು ಬೆರಳಗಲ ಚಿಕ್ಕದು ಮಾಡಿಸಿ, ರಬ್ಬರ್ ಪಟ್ಟಿ ಕೂರಿಸಿದೆ. ಊರಿನ ಬಡಗಿಯೇ ಮಾಡುತ್ತೇನೆ ಅಂದಿದ್ದ, ಕೊಡಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಂತೂ ಅನುಮತಿ ಇಲ್ಲದೆ ಮಾಡಿದರೆ ಅಪರಾಧ. ಮನೆಯೊಳಗೆ ತಿರುಗಿಸಲು ಸುಲಭ ಅಂತ ಯಾರಾದರೂ ಹಾಗೆ ಸಲಹೆ ಕೊಟ್ಟರೆ ಕೇಳಬೇಡಿ.

ಇನ್ನೊಂದು ಪರೀಕ್ಷೆಗೆ ಕೋವಿಯೇ ಬೇಡ, ಈಗಲೇ ಮಾಡಬಹುದು. ಎರಡೂ ಕೈ ಮುಂದೆ ಚಾಚಿ, ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಬಲ್ಬು ನೋಡಿ. ಈಗ ಎಡಗಣ್ಣು ಮುಚ್ಚಿ. ಬಲ್ಬು ಕಾಣುತ್ತಿದ್ದರೆ ನಿಮ್ಮ ಬಲಗಣ್ಣು ಮುಂದಾಳು. ಮಾಯವಾದರೆ ಎಡಗಣ್ಣು. ಬಲಭುಜದಲ್ಲಿ ಕೋವಿ ಹಿಡಿದು ಎಡಗಣ್ಣು ಮುಂದಾಳಾಗಿದ್ದರೆ ಮಣಿ ಸರಿ ಕೂತಂತೆ ಕಂಡರೂ ಗುಂಡು ಎಡಕ್ಕೆ ಹೋಗುತ್ತದೆ. ಅಂಥವರು ಎಡಗಣ್ಣು ಮುಚ್ಚಬೇಕು.

ನಾಲ್ಕನೆಯದು, ಯಾವ ಮಣಿ ಒಳ್ಳೆಯದು ಅನ್ನುವುದು. ನಮ್ಮ ಹಿತ್ತಾಳೆ ಮಣಿ ಹೊಗೆ ಹಿಡಿದು ಕಪ್ಪಾಗಿತ್ತು. ದೊಡ್ಡಪ್ಪನ ಕಾಲದಲ್ಲಿ ಅದಕ್ಕೆ ಸುಣ್ಣ ಹಚ್ಚುತ್ತಿದ್ದದ್ದು ನೆನಪಿದೆ. ನಾನು ತಿಕ್ಕಿ ತೊಳೆದು ಹೆಂಡತಿಯ ಬಿಳಿ ನೇಲ್ ಪಾಲಿಶ್ ಹಚ್ಚಿದೆ. ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಂಗಡಿಯಲ್ಲಿ ಕೆಂಪು, ಹಸಿರು ಪ್ಲಾಸ್ಟಿಕ್ ಎಳೆಯ ಮಣಿ ಸಿಗುತ್ತದೆ. ಅದು ಸುತ್ತಲಿನ ಬೆಳಕನ್ನು ಹೀರಿಕೊಂಡು ತುದಿಯಲ್ಲಿ ಹೊಳೆಯುತ್ತದೆ. ಸಂಜೆ ಹೊತ್ತಿಗೆ ಒಳ್ಳೆಯದು, ಪೂರ್ತಿ ಕತ್ತಲಲ್ಲಿ ಅದೂ ಸಾಯುತ್ತದೆ. ರೇಡಿಯಂ ಬಣ್ಣಕ್ಕೆ ಮೊದಲು ಟಾರ್ಚ್ ಬಿಟ್ಟರೆ ಸ್ವಲ್ಪ ಹೊತ್ತು ಹೊಳೆಯುತ್ತದೆ. ಕೆಂಪು ಚುಕ್ಕಿ ಅಂದರೆ ಗಾಜಿನೊಳಗೆ ಬ್ಯಾಟರಿಯಿಂದ ಮೂಡುವ ಬಿಂದು. ಎರಡೂ ಕಣ್ಣು ತೆರೆದು ನೋಡಬಹುದು, ಆದರೆ ಅದನ್ನು ಕೂರಿಸಲು ನಳಿಗೆಯ ಮೇಲೆ ಪಟ್ಟಿ ಬೇಕು, ಬ್ಯಾಟರಿ ಮುಗಿದಿರಬಾರದು. ಅದು ನಳಿಗೆಗಿಂತ ಎರಡು ಇಂಚು ಮೇಲೆ ಕೂತರೆ, ಮೂರ್ನಾಲ್ಕು ಮೀಟರಿನಲ್ಲಿ ಗುಂಡು ಚುಕ್ಕಿಗಿಂತ ಸುಮಾರು ಅಷ್ಟೇ ಕೆಳಗೆ ಬೀಳುತ್ತದೆ.

ಇಷ್ಟೆಲ್ಲ ಹೇಳಿ ಸುಬೇದಾರರು ಒಂದು ರಾತ್ರಿ ನಮ್ಮ ಮನೆಯಲ್ಲೇ ಉಳಿದರು. ಖಾಲಿ ಕೋವಿ ನನ್ನ ಕೈಗೆ ಕೊಟ್ಟು, ಬಾಗಿಲಾಚೆ ಒಂದು ಗೋಣಿಚೀಲ ನಿಲ್ಲಿಸಿ, ಹೊಸದಾಗಿ ಹಾಕಿಸಿದ ಬಲ್ಬಿನ ಸ್ವಿಚ್ಚನ್ನು ಒಳಗಿನಿಂದ ಒತ್ತಿದರು. ಗೋಣಿಚೀಲ ಬೆಳ್ಳಗಾಯಿತು, ಅದರ ಮುಂದೆ ಮಣಿ ಕಡ್ಡಿ ತುದಿಯ ಹಾಗೆ ಕಪ್ಪಗೆ, ಸ್ಪಷ್ಟವಾಗಿ ಕಂಡಿತು. ಎದುರು ಬೆಳಕಿದ್ದರೆ ಯಾವ ಮಣಿಯೂ ಸಾಕು. ಬೆಳಕಿಲ್ಲದಿದ್ದರೆ ಎಷ್ಟೇ ದುಬಾರಿ ಮಣಿಯೂ ಒಂದು ಕೆಲಸ ಮಾಡಲಾರದು: ಎದುರಿಗಿರುವವರು ಯಾರು ಅಂತ ಹೇಳಲಾರದು.

ಟಾರ್ಚನ್ನು ನಳಿಗೆಗೆ ಕಟ್ಟಬಹುದೇ ಅಂತ ಕೇಳಿದೆ. "ಕಟ್ಟಿದರೆ ಟಾರ್ಚ್ ತಿರುಗಿಸಿದ ಕಡೆಗೆಲ್ಲ ಕೋವಿಯೂ ತಿರುಗ್ತದೆ. ಮಗಳು ನೀರು ಕುಡಿಯೋಕೆ ಎದ್ದು ಬಂದರೆ ಅವಳ ಮುಖಕ್ಕೂ" ಅಂದರು. ಟಾರ್ಚ್ ಬೇರೆ ಇರಲಿ, ಅದು ಹೆಂಡತಿಯ ಕೈಯಲ್ಲಿರಲಿ, ಮೊದಲು ಬೆಳಕು, ಆಮೇಲೆ ಗಟ್ಟಿಯಾಗಿ "ಯಾರದು?" ಅನ್ನುವ ಪ್ರಶ್ನೆ.

ಐದನೆಯದನ್ನು ನಾನು ಓದಿ ತಿಳಿದುಕೊಂಡೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಸೆಕ್ಷನ್‌ವರೆಗೆ ಇದೆ. ಹಿಂದಿನ ಐಪಿಸಿಯಲ್ಲೂ ಹೆಚ್ಚುಕಡಿಮೆ ಇದೇ ಇತ್ತು. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಆಸ್ತಿಗಾಗಿ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಲು ದರೋಡೆ, ರಾತ್ರಿ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಅಥವಾ ಸಾವು ಇಲ್ಲವೇ ತೀವ್ರ ಗಾಯದ ಭಯ ನಿಜಕ್ಕೂ ಹುಟ್ಟಿಸುವ ಕಳ್ಳತನದಂಥ ಸಂದರ್ಭ ಇರಬೇಕು. ಮೆಣಸಿನ ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕಾನೂನು ನಿಮ್ಮ ಜೊತೆ ನಿಲ್ಲುವುದಿಲ್ಲ. ನನ್ನ ಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದವನಿಗೆ ಕಿಟಕಿಯಿಂದ ಹೊಡೆದಿದ್ದರೆ ಅವನು ಕಳ್ಳನೇ ಆಗಿದ್ದರೂ ನಾನು ಜೈಲಿನಲ್ಲಿರುತ್ತಿದ್ದೆ. ಅಪಾಯ ಅನ್ನಿಸಿದರೆ ಬಾಗಿಲು ಭದ್ರ ಮಾಡಿ ಎಲ್ಲರೂ ಒಂದೇ ಕೋಣೆ ಸೇರಿ 112ಕ್ಕೆ ಫೋನ್ ಮಾಡಿ. ನಮ್ಮಂಥ ಸಿಗ್ನಲ್ ಇಲ್ಲದ ಮನೆಯವರು ಆ ಒಂದು ಕೋಣೆಯಲ್ಲಾದರೂ ಫೋನ್ ಹಿಡಿಯುವ ವ್ಯವಸ್ಥೆ ಮಾಡಿಕೊಳ್ಳಬೇಕು. ನಾನು ವೈಫೈ ಹಾಕಿಸಿ ಅದರ ಮೂಲಕ ಕರೆ ಮಾಡುವ ಹಾಗೆ ಮಾಡಿಕೊಂಡೆ. ಕೋವಿಗಿಂತ ಮೊದಲು ಮಾಡಬೇಕಾಗಿದ್ದ ಕೆಲಸ ಅದು.

ಈಗ ಕೋವಿ ಖಾಲಿಯಾಗಿ ಬೀರುವಿನಲ್ಲಿದೆ, ತೋಟಾ ಬೇರೆ ಕಡೆ ಬೀಗದಲ್ಲಿದೆ. ಹಿತ್ತಿಲು, ಕೊಟ್ಟಿಗೆ, ಕಣ ಮೂರಕ್ಕೂ ಬಲ್ಬು, ಸ್ವಿಚ್ಚು ನನ್ನ ಮಂಚದ ಪಕ್ಕದಲ್ಲಿ. ಕರೆಂಟು ಹೋದರೆ ಬ್ಯಾಟರಿಯಿಂದ ಉರಿಯುತ್ತದೆ. ಆ ಮೇಲೆ ರಾತ್ರಿ ಹೊತ್ತು ನಾಲ್ಕೈದು ಸಲ ಸದ್ದಾಗಿದೆ. ಸ್ವಿಚ್ ಒತ್ತಿ ನೋಡಿದ್ದೇನೆ. ಎರಡು ಸಲ ಕಾಡುಬೆಕ್ಕು, ಒಂದು ಸಲ ಲೈನಿನ ಹುಡುಗ ಮಗುವಿಗೆ ಜ್ವರ ಅಂತ ಜೀಪು ಕೇಳಲು ಬಂದದ್ದು, ಉಳಿದದ್ದು ಗಾಳಿ. ಕೋವಿ ಒಂದು ಸಲವೂ ಹೊರಗೆ ಬಂದಿಲ್ಲ.

ತಮ್ಮನಿಗೆ ಇಷ್ಟು ದಿನ ಇದನ್ನು ಹೇಳಿರಲಿಲ್ಲ. ಇದನ್ನು ಇಲ್ಲಿ ಹಾಕುವ ಮೊದಲು ಅವನಿಗೆ ಗೊತ್ತಾಗಬೇಕು ಅಂತ ಮೊನ್ನೆ ಫೋನ್ ಮಾಡಿ ಪೂರ್ತಿ ಓದಿದೆ. ಆ ಕಡೆ ತುಂಬ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

ಆಮೇಲೆ ಹೇಳಿದ: "ದೊಡ್ಡಮ್ಮಂಗೆ ನಿದ್ದೆ ಕೆಡಬಾರ್ದು ಅಂತ ಬೆಳಗಿನವರೆಗೂ ಅಲ್ಲೇ ಕೂರೋಣ ಅಂದ್ಕೊಂಡಿದ್ದೆ ಅಣ್ಣ. ನಾಯಿಗೆ ಬಿಸ್ಕತ್ತು ಹಾಕ್ತಾ ಇದ್ದೆ."

ಈಗ ಅವನು ಎಷ್ಟು ಹೊತ್ತಿಗೆ ಬಂದರೂ ಗೇಟಿನಿಂದಲೇ ಹಾರನ್ ಹೊಡೆಯಬೇಕು ಅಂತ ಹೇಳಿದ್ದೇನೆ. ಅಮ್ಮನಿಗೆ ಎಚ್ಚರವಾದರೆ ಆಗಲಿ.